ಹಳೇ ಮೀನನ್ನೇ ಮೊದಲು ಹೊಸಬನಾಗಿಸಿ

ಪ್ರಶ್ನೆ: ನನ್ನ ಹತ್ತಿರ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಮೂರು ವರ್ಷದಿಂದ ಅದರಲ್ಲಿ ಒಂದು ಪಿಕಾಸೊ ಟ್ರಿಗರ್ ಮತ್ತು ಒಂದು ಪರ್ಪಲ್ ಟ್ಯಾಂಗ್ ಇವೆ. ಹೋದ ತಿಂಗಳು ಒಂದು ಹಳದಿ ಟ್ಯಾಂಗ್ ತಂದೆ. ಚೀಲವನ್ನು ಅರ್ಧ ಗಂಟೆ ತೇಲಿಬಿಟ್ಟು, ನಿಧಾನಕ್ಕೆ ನೀರು ಬೆರೆಸಿ, ಆಮೇಲೆ ಮೀನನ್ನು ಒಳಗೆ ಬಿಟ್ಟೆ. ಐದೇ ನಿಮಿಷದಲ್ಲಿ ಪರ್ಪಲ್ ಟ್ಯಾಂಗ್ ಅದರ ಮೇಲೆ ಬಿತ್ತು. ಮೂರನೇ ದಿನ ಹೊಸ ಮೀನು ಸತ್ತುಹೋಯಿತು. ಈಗ ಒಂದು ಎಂಪರರ್ ಏಂಜೆಲ್ ಮತ್ತು ಒಂದು ಲಯನ್ ಫಿಶ್ ಸೇರಿಸುವ ಆಸೆ ಇದೆ. ಇಂಥ ಜಗಳಗಂಟ ಮೀನುಗಳನ್ನು ಒಂದಕ್ಕೊಂದು ಪರಿಚಯ ಮಾಡಿಸುವುದು ಹೇಗೆ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಹೊಸ ಮೀನನ್ನು ನೀರಿಗೆ ಚೆನ್ನಾಗಿಯೇ ಒಗ್ಗಿಸಿದ್ದೀರಿ. ಅದರಲ್ಲಿ ತಪ್ಪಿಲ್ಲ. ಎಡವಿದ್ದು ಮೀನಿನ ಆಯ್ಕೆಯಲ್ಲಿ. ಅದರ ಜೊತೆಗೆ ಇನ್ನೊಂದಿದೆ: ಅಷ್ಟೂ ಹೊತ್ತು ನಿಮ್ಮ ಗಮನ ಹೊಸ ಮೀನಿನ ಮೇಲಿತ್ತು. ಹಳೇ ಮೀನನ್ನು ಯಾರೂ ಕೇಳಲೇ ಇಲ್ಲ, ಅಲ್ವಾ?

ಪರ್ಪಲ್ ಟ್ಯಾಂಗ್ ಮತ್ತು ಹಳದಿ ಟ್ಯಾಂಗ್ ಎರಡೂ ಝೀಬ್ರಸೋಮ ಅನ್ನುವ ಒಂದೇ ಕುಲದವು. ತಟ್ಟೆಯಂಥ ಮೈ, ಮುಂದಕ್ಕೆ ಚಾಚಿದ ಮೂತಿ, ಕಲ್ಲಿನ ಮೇಲಿನ ಪಾಚಿ ಕಿತ್ತು ತಿನ್ನುವ ಅಭ್ಯಾಸ. ಬಣ್ಣ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ. ಸಮುದ್ರದಲ್ಲಿ ಇವು ಎದುರಾಗುವುದೇ ಇಲ್ಲ. ಪರ್ಪಲ್ ಟ್ಯಾಂಗ್ ಮುಖ್ಯವಾಗಿ ಕೆಂಪು ಸಮುದ್ರದ್ದು, ಹಳದಿಯದು ದೂರದ ಹವಾಯಿ ಕಡೆಯದು. ಆದರೂ ನಿಮ್ಮ ಟ್ಯಾಂಗ್ ನೋಡಿದ ಕೂಡಲೇ ಗುರುತು ಹಿಡಿಯಿತು: ತನ್ನದೇ ಆಕಾರದ್ದು, ತನ್ನದೇ ಊಟ ತಿನ್ನುವಂಥದ್ದು. ಹವಳದ ದಿಬ್ಬಗಳ ಗಾಢ ಬಣ್ಣದ ಮೀನುಗಳು ಬೇರೆ ಜಾತಿಯವಕ್ಕಿಂತ ತಮ್ಮ ಜಾತಿಯವನ್ನೇ ಜಾಸ್ತಿ ಅಟ್ಟಾಡಿಸುತ್ತವೆ ಎಂದು ಕೊನ್ರಾಡ್ ಲೊರೆಂಜ್ ಗಮನಿಸಿ ಬರೆದಿದ್ದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಹಂಚಿಕೊಂಡವರು ಅವರು. ಟ್ಯಾಂಕ್ ಇಟ್ಟವರಿಗೆ ಇದನ್ನು ಹೀಗೆ ಹಿಗ್ಗಿಸಿ ಹೇಳಬಹುದು: ಆಕಾರ, ಬಣ್ಣ, ಆಹಾರ ಈ ಮೂರರಲ್ಲಿ ಎಷ್ಟು ಹೋಲುತ್ತವೋ ಜಗಳ ಅಷ್ಟು ಜೋರು.

ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ ಅನ್ನುತ್ತಾರಲ್ಲ, ಟ್ಯಾಂಗ್‌ಗಳ ವಿಷಯದಲ್ಲಿ ಅದು ಬರೀ ಗಾದೆಯಲ್ಲ. ಬಾಲದ ಬುಡದಲ್ಲಿ ಎರಡೂ ಕಡೆ ಚಾಕುವಿನಂಥ ಮುಳ್ಳು ಇರುತ್ತದೆ. ಮಡಚುವ ಚಾಕುವಿನ ಹಾಗೆ ಅದು ಬೇಕಾದಾಗ ಹೊರಗೆ ಬರುತ್ತದೆ. ಇವಕ್ಕೆ ಸರ್ಜನ್ ಫಿಶ್ ಅನ್ನುವ ಹೆಸರು ಬಂದದ್ದೇ ಅದರಿಂದ. ಪಕ್ಕಕ್ಕೆ ತಿರುಗಿ ಬಾಲ ಬೀಸಿದರೆ ಎದುರಿನ ಮೀನಿನ ಮೈ ಸೀಳುತ್ತದೆ.

ಇದೇ ಜಗಳ ಸಮುದ್ರದಲ್ಲಿ ನಡೆದಿದ್ದರೆ ಸೋತ ಮೀನು ಹತ್ತು ಮೀಟರ್ ದೂರ ಓಡಿಬಿಡುತ್ತಿತ್ತು. ಕಣ್ಣಿಗೆ ಮರೆಯಾದರೆ ಸಾಕು, ಗೆದ್ದದ್ದು ತನ್ನ ಪಾಡಿಗೆ ಪಾಚಿ ತಿನ್ನಲು ವಾಪಸ್ ಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಓಡಲು ಜಾಗ ಎಲ್ಲಿ? ಸೋತದ್ದು ಸೋತೆ ಅಂತ ಹೇಳಬೇಕಾದರೆ ಅಲ್ಲಿಂದ ಹೋಗಲೇಬೇಕು. ಹೋಗದೆ ಕಣ್ಣೆದುರೇ ಸುಳಿದಾಡಿದರೆ, ಇನ್ನೂ ಸವಾಲು ಹಾಕುತ್ತಿದೆ ಎಂದೇ ಹಳೇ ಮೀನು ತಿಳಿಯುತ್ತದೆ. ಅದು ಕ್ರೂರಿಯಲ್ಲ. ಜಗಳ ಮುಗಿಯಿತು ಅನ್ನುವ ಸೂಚನೆ ಅದಕ್ಕೆ ಸಿಗುತ್ತಿಲ್ಲ, ಅಷ್ಟೇ.

ಈಗ ನಿಮ್ಮ ಆಸೆಯ ವಿಷಯ. ಲಯನ್ ಫಿಶ್ ಬೇಡ. ಇದರಲ್ಲಿ ಚೌಕಾಸಿಗೆ ಜಾಗ ಇಲ್ಲ. ಲಯನ್ ಫಿಶ್ ಯಾರ ಜೊತೆಗೂ ಜಗಳ ತೆಗೆಯುವುದಿಲ್ಲ, ಬಾಯಲ್ಲಿ ಹಿಡಿಸುವ ಮೀನಾದರೆ ಸದ್ದಿಲ್ಲದೆ ನುಂಗುತ್ತದೆ, ಇಲ್ಲವಾದರೆ ಸುಮ್ನೆ ತೇಲುತ್ತಿರುತ್ತದೆ. ತೊಂದರೆ ಇರುವುದು ನಿಮ್ಮ ಟ್ರಿಗರ್ ಕಡೆಯಿಂದ. ಟ್ರಿಗರ್‌ಗೆ ಕಂಡದ್ದನ್ನೆಲ್ಲ ಕಚ್ಚಿ ನೋಡುವ ಚಾಳಿ. ಅದರ ಹಲ್ಲು ಏಡಿಯ ಚಿಪ್ಪನ್ನೇ ಒಡೆಯುವಂಥವು. ಎದುರಲ್ಲಿ ರಿಬ್ಬನ್ನಿನಂಥ ಉದ್ದ ರೆಕ್ಕೆಗಳನ್ನು ಬಿಚ್ಚಿಕೊಂಡು ಆರಾಮವಾಗಿ ತೇಲುವ ಮೀನು ಸಿಕ್ಕರೆ ಸುಮ್ಮನಿರುತ್ತದೆಯೇ? ವಿಷದ ಮುಳ್ಳು ಇದ್ದೂ ಲಯನ್ ಫಿಶ್‌ನ ರೆಕ್ಕೆಗಳು ಚಿಂದಿಯಾಗುತ್ತವೆ. ಊಟದ ಹೊತ್ತಿನಲ್ಲೂ ಹಾಗೆಯೇ. ಲಯನ್ ಫಿಶ್ ಹೊಂಚು ಹಾಕಿ ಬಾಯಿ ತೆರೆಯುವಷ್ಟರಲ್ಲಿ ಟ್ರಿಗರ್ ಎಲ್ಲವನ್ನೂ ಗುಡಿಸಿ ಹಾಕಿರುತ್ತದೆ. ಎಂಥ ಪರಿಚಯ ವಿಧಾನವೂ ಇದನ್ನು ಸರಿಮಾಡುವುದಿಲ್ಲ. ಪರಿಚಯದಿಂದ ಕಡಿಮೆಯಾಗುವುದು ಜಾಗದ ಜಗಳ. ಇದು ಸ್ವಭಾವದ ಹೊಂದಾಣಿಕೆಯ ಪ್ರಶ್ನೆ.

ಎಂಪರರ್ ಏಂಜೆಲ್ ಆಗಬಹುದು. ಇದು ದೊಡ್ಡದಾದರೆ 40 ಸೆಂಟಿಮೀಟರ್ ಮುಟ್ಟುವ ಮೀನು. ನಿಮ್ಮ ಟ್ಯಾಂಕ್ ಲೆಕ್ಕಕ್ಕೆ ಸುಮಾರು 680 ಲೀಟರ್. ಕಲ್ಲು, ಮರಳು ಕಳೆದರೆ ಇನ್ನೂ ಕಡಿಮೆ. ಕೆಲವು ವರ್ಷ ನಡೆಯುತ್ತದೆ, ಆಮೇಲೆ ಇಕ್ಕಟ್ಟಾಗುತ್ತದೆ. ಆಗ ಇದಕ್ಕಿಂತ ದೊಡ್ಡ ಟ್ಯಾಂಕ್ ಇಡಲು ಸಾಧ್ಯವೇ ಅಂತ ಈಗಲೇ ಯೋಚಿಸಿ ತೆಗೆದುಕೊಳ್ಳಿ. ಮರಿ ಎಂಪರರ್ ಕಡುನೀಲಿ ಮೈಯದು, ಮೇಲೆ ಬಿಳಿ ಉಂಗುರಗಳು. ಬೆಳೆದದ್ದಕ್ಕೆ ಹಳದಿ ಮತ್ತು ನೀಲಿ ಗೆರೆಗಳು. ಎಷ್ಟು ಬೇರೆ ಕಾಣುತ್ತವೆ ಅಂದರೆ ಹಿಂದೆ ಮರಿಗೇ ಬೇರೆ ಜಾತಿಯ ಹೆಸರು ಕೊಟ್ಟಿದ್ದರು. ನೀವು ತೀರಾ ಮರಿಯನ್ನು ತರಬೇಡಿ. ಮೂರು ವರ್ಷದ ಟ್ರಿಗರ್ ಎದುರು ಅಂಥದ್ದು ಆಟದ ಸಾಮಾನಾಗುತ್ತದೆ. ಬಣ್ಣ ಬದಲಾಗುತ್ತಿರುವ, ಹೆಚ್ಚುಕಡಿಮೆ ನಿಮ್ಮ ಟ್ಯಾಂಗ್‌ನಷ್ಟೇ ದೊಡ್ಡದಿರುವ ಮೀನು ಸರಿಹೋಗುತ್ತದೆ. ಮೈಕಟ್ಟು ಟ್ಯಾಂಗ್‌ಗಿಂತ ಬೇರೆ, ಟ್ರಿಗರ್‌ಗಿಂತಲೂ ಬೇರೆ. ನಿಮ್ಮ ಎರಡೂ ಮೀನುಗಳಿಗೆ ಅದರಲ್ಲಿ ತಮ್ಮ ಮುಖ ಕಾಣುವುದಿಲ್ಲ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಮೀನು ತಂದ ದಿನವೇ ದೊಡ್ಡ ಟ್ಯಾಂಕಿಗೆ ಬಿಡಬೇಡಿ. ಕನಿಷ್ಠ 30 ದಿನ ಬೇರೆ ಟ್ಯಾಂಕಿನಲ್ಲಿ, ಅಂದರೆ ಕ್ವಾರಂಟೈನ್‌ನಲ್ಲಿ ಇರಲಿ. ರೋಗ ತಡೆಯುವುದಕ್ಕೆ ಅಂತ ಎಲ್ಲರೂ ಇದನ್ನು ಹೇಳುತ್ತಾರೆ. ನಿಜವೇ. ಬಿಳಿ ಚುಕ್ಕೆ ರೋಗದ ಪರಾವಲಂಬಿ ಒಮ್ಮೆ ಒಳಹೊಕ್ಕರೆ, ಅದು ಪೂರ್ತಿ ಸಾಯಲಿ ಅಂತ ಟ್ಯಾಂಕನ್ನು ಮೀನಿಲ್ಲದೆ ಎರಡು ತಿಂಗಳಿಗೂ ಹೆಚ್ಚು ಖಾಲಿ ಬಿಡಬೇಕಾಗುತ್ತದೆ. ಆದರೆ ಜಗಳದ ಲೆಕ್ಕದಲ್ಲೂ ಕ್ವಾರಂಟೈನ್ ಮುಖ್ಯ. ಪ್ರಯಾಣದಲ್ಲಿ ಸೊರಗಿ, ನಾಲ್ಕು ದಿನ ಊಟ ಬಿಟ್ಟ ಮೀನನ್ನು ಅಖಾಡಕ್ಕೆ ಇಳಿಸಿದರೆ ಅದು ಓಡಲೂ ಆರದು. ಒಂದು ತಿಂಗಳು ತಿಂದು, ಮೈ ತುಂಬಿಕೊಂಡು, ನಿಮ್ಮ ಕೈ ಕಂಡರೆ ಮೇಲೆ ಬರುವಷ್ಟು ಧೈರ್ಯ ಬಂದ ಮೀನಿನ ನಡೆಯೇ ಬೇರೆ. ಅಟ್ಟಾಡಿಸಿಕೊಂಡು ಸತ್ತಿತು ಅನ್ನುವ ಎಷ್ಟೋ ಮೀನುಗಳು ನಿಜವಾಗಿ ಸಾಯುವುದು ಹೆದರಿಕೆಯಿಂದ ಸೊರಗಿ, ರೋಗ ಮೇಲೆದ್ದು. ನಿಮ್ಮ ಹಳದಿ ಟ್ಯಾಂಗ್‌ಗೂ ಹಾಗೇ ಆಗಿದ್ದರೆ ಆಶ್ಚರ್ಯವಿಲ್ಲ.

ಕ್ವಾರಂಟೈನ್‌ನ ಕೊನೆಯ ವಾರದಲ್ಲಿ ಅದರ ನೀರನ್ನು ದೊಡ್ಡ ಟ್ಯಾಂಕಿನ ಉಪ್ಪು ಮತ್ತು ಬಿಸಿಗೆ ಸಮ ಮಾಡಿಬಿಡಿ. ದೊಡ್ಡದರಲ್ಲಿ ಸಾಂದ್ರತೆ 1.025, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಇದರಲ್ಲೂ ಅಷ್ಟೇ. ಆಗ ಸ್ಥಳಾಂತರದ ದಿನ ಗಂಟೆಗಟ್ಟಲೆ ಹನಿ ಹನಿ ನೀರು ಬೆರೆಸುವ ಗೋಜಿಲ್ಲ.

ಈಗ ನಿಜವಾದ ಕೆಲಸಕ್ಕೆ ಬರೋಣ. ಟ್ಯಾಂಕಿನಲ್ಲಿ ಯಾರಿಗೆ ಯಾವ ಜಾಗ ಅನ್ನುವುದನ್ನು ಹಳೇ ಮೀನುಗಳು ಕಲ್ಲುಗಳ ಗುರುತಿನ ಮೇಲೆ ನೆನಪಿಟ್ಟುಕೊಂಡಿರುತ್ತವೆ. ಆ ಕಮಾನು ನನ್ನದು, ಈ ಪೊಟರೆಯಲ್ಲಿ ನಾನು ಮಲಗುವುದು. ತನ್ನ ಬೀದಿಯಲ್ಲಿ ನಾಯಿಯೂ ಹುಲಿ. ಹಾಗಾಗಿ ಮೊದಲು ಬೀದಿಯನ್ನೇ ಅಳಿಸಬೇಕು. ಮರಳು ಕದಡದೆ, ನೀರು ಕೆಡದಂತೆ, ಮೇಲಿನ ಕಲ್ಲುಗಳನ್ನು ಬೇರೆ ರೀತಿ ಜೋಡಿಸಿ. ಹಳೆಯ ಪೊಟರೆಗಳು ಹಳೆಯ ಜಾಗದಲ್ಲಿ ಇರಬಾರದು. ಜೊತೆಗೆ ಹೊಸ ಮೀನು ನುಗ್ಗಬಹುದಾದ ಎರಡು ಮೂರು ಬಿಲಗಳಿಗೆ ಹಿಂಬಾಗಿಲು ಇರಲಿ. ಒಂದೇ ಬಾಯಿಯ ಬಿಲ ಆಸರೆಯಲ್ಲ, ಬೋನು.

ಇದಕ್ಕಿಂತ ಮುಖ್ಯ ಇನ್ನೊಂದು. ಪರ್ಪಲ್ ಟ್ಯಾಂಗನ್ನು ಅಲ್ಲಿಂದ ಹೊರಗೆ ತೆಗೆಯಿರಿ. ಏಂಜೆಲ್ ಹೊರಗೆ ಬಂದ ಕ್ವಾರಂಟೈನ್ ಟ್ಯಾಂಕ್ ಖಾಲಿ ಇದೆಯಲ್ಲ, ಅಲ್ಲಿಗೆ ಹಾಕಿ. ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ, ಅಂದರೆ ಸಂಪ್‌ನಲ್ಲಿ ಸಾಕಷ್ಟು ದೊಡ್ಡ ಖಾನೆ ಇದ್ದರೆ ಅದೂ ನಡೆಯುತ್ತದೆ. ಹತ್ತು ಹನ್ನೆರಡು ದಿನ ಅಲ್ಲಿರಲಿ. ನಿಮ್ಮ ಮನೆಯಲ್ಲಿ ದೊಡ್ಡ ರೌಡಿ ಟ್ರಿಗರ್ ಅಲ್ಲ, ಆ ಟ್ಯಾಂಗ್. ಪಿಕಾಸೊ ಟ್ರಿಗರ್ ತನ್ನ ನಂಟರ ನಡುವೆ ಸಾಧು ಅನ್ನಬಹುದಾದ ಮೀನು. ಹತ್ತು ದಿನ ಬಿಟ್ಟು ಟ್ಯಾಂಗ್ ವಾಪಸ್ ಬಂದಾಗ ಕಲ್ಲುಗಳು ಬೇರೆ, ನಡುವೆ ಆರಾಮವಾಗಿ ಈಜಾಡುತ್ತಿರುವ ಏಂಜೆಲ್ ಬೇರೆ. ಈಗ ಅದೇ ಹೊಸಬ. ತಗ್ಗಿ ನಡೆಯುವ ಸರದಿ ಅದರದು.

ಹಿಡಿಯುವಾಗ ಬಲೆ ಬಳಸಬೇಡಿ. ಟ್ಯಾಂಗ್‌ನ ಬಾಲದ ಚಾಕು ಬಲೆಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಅಂತೂ ಬೆನ್ನಿನ ಮೊದಲ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ ಬೀಗ ಹಾಕಿಕೊಂಡುಬಿಡುತ್ತದೆ. ಅದರ ಹಿಂದಿನ ಚಿಕ್ಕ ಮುಳ್ಳು ಒತ್ತಿದರೆ ಮಾತ್ರ ಬೀಗ ಬಿಡುವುದು. ಬಂದೂಕಿನ ಕುದುರೆಯ ಹಾಗೆ, ಅದಕ್ಕೇ ಆ ಹೆಸರು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ಮೆಲ್ಲಗೆ ಓಡಿಸಿ, ನೀರಿನ ಸಮೇತ ಎತ್ತಿ. ಕಲ್ಲು ಎತ್ತಿದ ದಿನವೇ ಈ ಕೆಲಸ ಮುಗಿಸಿದರೆ ಮೀನು ಅವಿತುಕೊಳ್ಳಲು ಜಾಗ ಇರುವುದಿಲ್ಲ, ಹಿಡಿಯುವುದು ಸುಲಭ.

ಇನ್ನು ಏಂಜೆಲ್. ಅದನ್ನೂ ನೇರ ಬಿಡುವುದಲ್ಲ. ಅಕ್ಲಿಮೇಶನ್ ಬಾಕ್ಸ್ ಅಂತ ಸಿಗುತ್ತದೆ, ತೂತುಗಳಿರುವ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ, ಗಾಜಿಗೆ ತೂಗುಹಾಕುವಂಥದ್ದು. ಏಂಜೆಲ್ ಆರಾಮವಾಗಿ ತಿರುಗುವಷ್ಟು ದೊಡ್ಡದು ಆರಿಸಿ. ಒಳಗೆ ಅವಿತುಕೊಳ್ಳಲು ಒಂದು ಪೈಪಿನ ತುಂಡು ಹಾಕಿ. ಪಂಪಿನ ನೀರು ಹಾದು ಹೋಗುವ ಕಡೆ ಇಡಿ, ಇಲ್ಲದಿದ್ದರೆ ಒಳಗೆ ಉಸಿರು ಕಟ್ಟುತ್ತದೆ. ಮೊದಲ ದಿನ ಟ್ರಿಗರ್ ಪೆಟ್ಟಿಗೆಗೆ ಬಂದು ಗುದ್ದುತ್ತದೆ, ತೂತುಗಳನ್ನು ಕಚ್ಚುತ್ತದೆ. ಗಾಬರಿಯಾಗಬೇಡಿ. ಆ ಗುದ್ದೆಲ್ಲ ಏಂಜೆಲ್ ಮೈಮೇಲೆ ಬೀಳದೆ ಪ್ಲಾಸ್ಟಿಕ್ ಮೇಲೆ ಬೀಳಲಿ ಅಂತಲೇ ಪೆಟ್ಟಿಗೆ ಇಟ್ಟಿರುವುದು.

ಎಷ್ಟು ದಿನ ಅಂತ ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಏಳು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಆದರೆ ಕ್ಯಾಲೆಂಡರ್ ನೋಡಬೇಡಿ, ಊಟದ ಹೊತ್ತು ನೋಡಿ. ಪೆಟ್ಟಿಗೆಯ ಒಳಗೂ ಹೊರಗೂ ಒಂದೇ ಸಲ, ಹತ್ತಿರ ಹತ್ತಿರದಲ್ಲೇ ಆಹಾರ ಹಾಕಿ. ಮೊದಮೊದಲು ಟ್ರಿಗರ್ ತನ್ನ ಊಟ ಬಿಟ್ಟು ಪೆಟ್ಟಿಗೆಗೆ ಹೋಗಿ ಗುದ್ದುತ್ತದೆ. ಸತತ ಎರಡು ಮೂರು ದಿನ ಅದು ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ ತಿಂದರೆ, ಏಂಜೆಲ್ ಕೂಡ ಹೊಟ್ಟೆ ತುಂಬ ತಿಂದರೆ, ಆಗ ಸಮಯ ಬಂತು. ನಾನೊಮ್ಮೆ ಆತುರಪಟ್ಟು ಕೆಟ್ಟಿದ್ದೇನೆ. ಎರಡನೇ ದಿನ ಸಂಜೆ ಎರಡೂ ಮೀನು ತಣ್ಣಗಿದ್ದವು, ಸರಿ ಅಂತ ಪೆಟ್ಟಿಗೆ ತೆರೆದೆ. ತಣ್ಣಗಿದ್ದದ್ದು ದೀಪ ಆರುವ ಹೊತ್ತು ಹತ್ತಿರವಾಗಿತ್ತು ಅನ್ನುವ ಕಾರಣಕ್ಕೆ. ಬೆಳಿಗ್ಗೆ ದೀಪ ಹತ್ತಿದಾಗ ನಾನು ಮಲಗಿದ್ದೆ. ಎದ್ದು ನೋಡುವಾಗ ಹೊಸ ಮೀನಿನ ಒಂದು ಕಣ್ಣು ಹೋಗಿತ್ತು.

ಟ್ಯಾಂಗನ್ನು ತೆಗೆದಿಡಲು ಎಲ್ಲೂ ಜಾಗವೇ ಇಲ್ಲ ಅನ್ನುವವರು ಇನ್ನೊಂದು ಉಪಾಯ ಮಾಡಬಹುದು. ಪೆಟ್ಟಿಗೆಯ ಎದುರು ಬದಿಯಲ್ಲಿ, ಗಾಜಿನ ಹೊರಗೆ, ಒಂದು ಕನ್ನಡಿ ಅಂಟಿಸಿ. ಟ್ಯಾಂಗ್‌ಗೆ ಅಲ್ಲೊಂದು ತನ್ನಂಥದ್ದೇ ಶತ್ರು ಕಾಣುತ್ತದೆ. ಎಷ್ಟು ಹೆದರಿಸಿದರೂ ಓಡದ, ತಾನು ತಿರುಗಿದಂತೆ ತಿರುಗುವ ಶತ್ರು. ದಿನವೆಲ್ಲ ಅದರ ಜೊತೆ ಗುದ್ದಾಡುತ್ತ ಹೊಸ ಮೀನನ್ನು ಮರೆಯುತ್ತದೆ. ನೋಡಲು ತಮಾಷೆಯಾಗಿರುತ್ತದೆ, ಕೆಲಸವೂ ಆಗುತ್ತದೆ. ಆದರೆ ಕೆಲವು ದಿನ ಮಾತ್ರ. ತಿಂಗಳುಗಟ್ಟಲೆ ಬಿಟ್ಟರೆ ಟ್ಯಾಂಗೇ ಸೊರಗುತ್ತದೆ.

ಬಿಡುವ ದಿನ ಟ್ರಿಗರ್‌ಗೆ ಹೊಟ್ಟೆ ಬಿರಿಯುವಷ್ಟು ಹಾಕಿ. ದೀಪ ಆರುವುದಕ್ಕೆ ಒಂದು ಗಂಟೆ ಮುಂಚೆ ಪೆಟ್ಟಿಗೆಯನ್ನು ಮೆಲ್ಲಗೆ ಓರೆ ಮಾಡಿ, ಏಂಜೆಲ್ ತಾನಾಗಿಯೇ ಹೊರಗೆ ಬರಲಿ. ಬೆಳಕು ಕಡಿಮೆಯಾದಂತೆ ಹಳೇ ಮೀನು ಮಲಗುವ ಜಾಗ ಹುಡುಕುತ್ತದೆ, ಹೊಸದು ಒಂದು ಬಿಲ ಹುಡುಕಿಕೊಳ್ಳುತ್ತದೆ. ಮರುದಿನ ದೀಪ ಹತ್ತುವ ಹೊತ್ತಿಗೆ ನೀವು ಟ್ಯಾಂಕಿನ ಎದುರು ಕೂತಿರಬೇಕು. ಕೆಲಸಕ್ಕೆ ರಜೆ ಇರುವ ದಿನವನ್ನೇ ಆರಿಸಿ. ಮುಚ್ಚಳ ಹಾಕಿದ್ದೀರಾ ಅಂತ ಇನ್ನೊಮ್ಮೆ ನೋಡಿ. ಅಟ್ಟಿಸಿಕೊಂಡ ಮೀನು ನೀರಿನಿಂದ ಹಾರುತ್ತದೆ, ಬೆಳಿಗ್ಗೆ ನೆಲದ ಮೇಲೆ ಒಣಗಿರುತ್ತದೆ.

ಆಮೇಲೆ ಕಾಣುವುದೆಲ್ಲ ಜಗಳವಲ್ಲ. ರೆಕ್ಕೆ ಪೂರ್ತಿ ಬಿಚ್ಚಿ ಪಕ್ಕಕ್ಕೆ ನಿಂತು ತೋರಿಸಿಕೊಳ್ಳುವುದು, ಟ್ಯಾಂಕಿನ ಅರ್ಧದವರೆಗೆ ಓಡಿಸಿ ವಾಪಸ್ ಬರುವುದು, ರೆಕ್ಕೆಯ ಅಂಚಿನಲ್ಲಿ ಒಂದು ಚಿಕ್ಕ ಹರಕು, ಇವೆಲ್ಲ ಮಾತುಕತೆ ಇದ್ದ ಹಾಗೆ. ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತ ಬರಬೇಕು. ಹರಿದ ರೆಕ್ಕೆ ನೀರು ಶುಚಿಯಾಗಿದ್ದರೆ ಮತ್ತೆ ಬೆಳೆಯುತ್ತದೆ. ಓಡಿಸಿದ ಮೀನು ಹಿಂದಿರುಗದೆ ಬೆನ್ನು ಹತ್ತುತ್ತಲೇ ಇದ್ದರೆ ವಿಷಯ ಬೇರೆ. ಹೊಸ ಮೀನು ಮೇಲಿನ ಮೂಲೆಯಲ್ಲಿ ಅಥವಾ ಹೀಟರ್ ಹಿಂದೆ ಅಂಟಿಕೊಂಡು ನಿಂತಿದೆ, ಬಣ್ಣ ಮಾಸಿದೆ, ಕಿವಿರು ಪಟಪಟ ಬಡಿಯುತ್ತಿದೆ, ಊಟಕ್ಕೆ ಬರುತ್ತಿಲ್ಲ ಅಂದರೆ ಅದು ಸೋತಿದೆ, ಎದುರಿನದು ನಿಲ್ಲಿಸುತ್ತಿಲ್ಲ. ಕಣ್ಣಿಗೆ ಅಥವಾ ಹೊಟ್ಟೆಗೆ ಕಚ್ಚಿದ ಗುರುತು ಕಂಡರೆ ಒಂದು ನಿಮಿಷವೂ ಕಾಯಬೇಡಿ. ಸಂಜೆವರೆಗೆ ನೋಡೋಣ ಅನ್ನುವವರೇ ಜಾಸ್ತಿ ಮೀನು ಕಳೆದುಕೊಳ್ಳುವುದು.

ಆಗ ಯಾರನ್ನು ತೆಗೆಯಬೇಕು? ಹೊಡೆತ ತಿಂದದ್ದನ್ನು ಎತ್ತಿ ಕಾಪಾಡೋಣ ಅಂತ ಕೈ ಹೋಗುತ್ತದೆ. ತೀರಾ ಗಾಯವಾಗಿದ್ದರೆ ಅದು ಸರಿಯೇ. ಇಲ್ಲವಾದರೆ ಹೊಡೆದದ್ದನ್ನು ಎತ್ತಿ ಪೆಟ್ಟಿಗೆಗೆ ಹಾಕಿ. ಹೊಸ ಮೀನು ಹೊರಗೆ ಓಡಾಡುವುದನ್ನು ಟ್ರಿಗರ್ ಒಳಗಿನಿಂದ ಒಂದು ವಾರ ನೋಡಲಿ. ಹೊಸದನ್ನೇ ಪದೇ ಪದೇ ತೆಗೆದು ಹಾಕಿದರೆ ಪ್ರತಿ ಸಲವೂ ಅದು ಮೊದಲ ದಿನದ ಅತಿಥಿಯೇ ಆಗಿ ಉಳಿಯುತ್ತದೆ.

ಏಂಜೆಲ್ ಬಯಲಲ್ಲಿ ಬಂದು ತಿನ್ನಲು ಶುರು ಮಾಡಿ, ತನಗೊಂದು ಮಲಗುವ ಜಾಗ ಮಾಡಿಕೊಂಡ ಮೇಲೆ ಟ್ಯಾಂಗನ್ನು ತನ್ನಿ. ಮೂರು ವರ್ಷದ ಹಳಬ ಅನ್ನುವ ಸಲುಗೆ ಬೇಡ, ಅದೂ ಪೆಟ್ಟಿಗೆಯಲ್ಲಿ ಕೆಲವು ದಿನ ಕಾಯಲಿ. ಆಚೆ ಬಿಟ್ಟ ಮೇಲೆ ನೋರಿಯನ್ನು, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆಯನ್ನು, ಟ್ಯಾಂಕಿನ ಎರಡು ತುದಿಗಳಲ್ಲಿ ಕ್ಲಿಪ್ ಹಾಕಿ ಇಡಿ. ಒಂದೇ ಕಡೆ ಇಟ್ಟರೆ ಅದಕ್ಕೆ ಕಾವಲು ಕೂರುತ್ತದೆ. ಎರಡು ಕಡೆ ಏಕಕಾಲಕ್ಕೆ ಕಾಯಲು ಅದಕ್ಕೆ ಆಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಎರಡು ಸಲ ಸೋತರೆ ಮೂರನೇ ಸಲ ಹೋಗಬೇಡಿ, ಏಂಜೆಲ್‌ಗೆ ಬೇರೆ ಮನೆ ನೋಡಿ. ಮೀನುಗಳಲ್ಲೂ ಒಂದೊಂದರ ಸ್ವಭಾವ ಒಂದೊಂದು. ನಿಮ್ಮದು ಪಿಕಾಸೊ ಆಗಿರುವುದರಿಂದ ನಾನು ಇಷ್ಟು ಧೈರ್ಯ ಕೊಡುತ್ತಿದ್ದೇನೆ. ಕಿತ್ತಳೆ ಗೆರೆಗಳ ಅಂಡ್ಯುಲೇಟೆಡ್ ಟ್ರಿಗರ್ ಆಗಿದ್ದರೆ ಒಂದೇ ಸಾಲಿನ ಉತ್ತರ ಬರೆಯುತ್ತಿದ್ದೆ: ಅದು ಒಂಟಿಯಾಗಿಯೇ ಇರಲಿ. ಕ್ಲೌನ್ ಟ್ರಿಗರ್ ಇನ್ನೊಂದು ಥರ, ಚಿಕ್ಕದಿದ್ದಾಗ ಎಲ್ಲರೊಂದಿಗೂ ಚೆನ್ನಾಗಿದ್ದು, ಬೆಳೆದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಎಲ್ಲರನ್ನೂ ಕಡಿಯಲು ಶುರು ಮಾಡಬಹುದು.

ಮುಂದೆ ಟ್ಯಾಂಕಿಗೆ ಇನ್ನೂ ಮೀನು ಸೇರಿಸುವುದಿದ್ದರೆ ಏಂಜೆಲ್ ಜೊತೆಗೇ ಸೇರಿಸಿಬಿಡಿ, ಆಮೇಲೆ ಅಲ್ಲ. ಒಂದೇ ದಿನ ಎರಡು ಮೂರು ಹೊಸ ಮುಖ ಬಂದರೆ ಏಟು ಹಂಚಿಹೋಗುತ್ತದೆ. ಫಿಲ್ಟರ್ ತಡೆಯುತ್ತದೆಯೇ ಅಂತ ಅಮೋನಿಯಾ (ಮೀನಿನ ಕಸದಿಂದ ನೀರಿಗೆ ಸೇರುವ ವಿಷ) ಅಳೆದು ನೋಡಿಕೊಳ್ಳಿ. ಸೇರಿಸುವ ಮೀನು ಇನ್ನೊಂದು ಟ್ಯಾಂಗ್ ಮಾತ್ರ ಆಗದಿರಲಿ.

ಅಂದ ಹಾಗೆ ಆ ಅಕ್ರಿಲಿಕ್ ಪೆಟ್ಟಿಗೆಯನ್ನು ಏಂಜೆಲ್ ಬರುವ ಒಂದು ವಾರ ಮುಂಚೆಯೇ ಖಾಲಿಯಾಗಿ ತೂಗುಹಾಕಿ. ನಿಮ್ಮ ಟ್ರಿಗರ್ ಅದರ ರಬ್ಬರ್ ಬಟ್ಟಲುಗಳನ್ನು ಕಚ್ಚಿ ಕಿತ್ತು ಹಾಕುವುದೇ ಇದ್ದರೆ ಆಗಲೇ ಹಾಕಲಿ. ಒಳಗೆ ಮೀನು ಇರುವಾಗ ಪೆಟ್ಟಿಗೆ ಕಳಚಿ ಬೀಳುವುದು ಬೇಡ.